ದುರ್ಗದ ನಾಯಕರು ದೊರೆಗಳಲ್ಲವೇ?

ಚಿತ್ರದುರ್ಗದ ನಾಯಕರನ್ನು ಅರಸರೆಂದು ಕರೆಯಬಾರದು, ಅವರು ಬರೀ ಪಾಳೆಯಗಾರರು ಎನ್ನುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಅವರ ಮೊದಲ ಮಾತು: ನಾಯಕತನ ವಿಜಯನಗರದವರು ಕೊಟ್ಟ ಹುದ್ದೆ, ಹುದ್ದೆಯವನು ಅರಸನಾಗಲಾರ. ಮತ್ತಿ ತಿಮ್ಮಣ್ಣ ನಾಯಕನಿಗೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳ ನಾಯಕತನ ವಿಜಯನಗರದಿಂದಲೇ ಬಂತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕನಿಗೆ ಪಟ್ಟ ಕೊಟ್ಟ ಚಕ್ರವರ್ತಿ ಯಾರು? ಆ ಹೊತ್ತಿಗೆ ಹಂಪಿ ಹಾಳಾಗಿ ನೂರು ವರ್ಷಕ್ಕೂ ಮಿಕ್ಕಿತ್ತು. ಕೆಳದಿಯವರೂ ಮಧುರೆಯವರೂ ಇದೇ ದಾರಿಯಲ್ಲಿ ಬಂದ ನಾಯಕರೇ. ಅವರ ಅರಸುತನವನ್ನು ಪ್ರಶ್ನಿಸದವರು ದುರ್ಗದ ಬಾಗಿಲಿಗೆ ಬಂದಾಗ ಮಾತ್ರ ನೇಮಕದ ಆದೇಶ ಕೇಳುತ್ತಾರೆ. ಹುಟ್ಟಿನಿಂದಲೇ ಬಿರುದಿನ ಬೆಲೆ ಕಟ್ಟುವುದಾದರೆ ರಷ್ಯಾದ ಝಾರ್‌ಗಳೂ ಉಳಿಯುವುದಿಲ್ಲ. ಝಾರ್ ಎಂಬುದು ರೋಮಿನ ಸೀಸರ್‌ನಿಂದ ಬಂದದ್ದು. 293ರಲ್ಲಿ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಮಾಡಿದ ಏರ್ಪಾಡಿನಲ್ಲಿ ಸೀಸರ್ ಎಂದರೆ ಹಿರಿಯ ಚಕ್ರವರ್ತಿಯಾದ ಅಗಸ್ಟಸ್‌ನ ಕೈಕೆಳಗಿನ ಕಿರಿಯ ಪದವಿ. ಅದೇ ಹೆಸರಿನಲ್ಲಿ ಸರ್ಬಿಯದ ಸ್ಟೆಫಾನ್ ದುಶಾನ್ 1346ರಲ್ಲಿ, ಮಾಸ್ಕೋದ ನಾಲ್ಕನೆಯ ಇವಾನ್ 1547ರಲ್ಲಿ ಕಿರೀಟ ಧರಿಸಿದರು. ಇವಾನನ ಬಿರುದನ್ನು ಪೋಲೆಂಡ್ ಒಪ್ಪಲಿಲ್ಲ. ಒಪ್ಪದಿದ್ದುದರಿಂದ ಅವನ ಆಳ್ವಿಕೆಗೇನೂ ಕುಂದು ಬರಲಿಲ್ಲ.

ಎರಡನೆಯದು ಕಪ್ಪದ ವಾದ. ನಾಯಕರು ಶಿರಾದ ಮೊಗಲರಿಗೆ, ಮರಾಠರಿಗೆ ಹಣ ತೆತ್ತರು. ಕಪ್ಪ ಕೊಟ್ಟವನು ಸ್ವತಂತ್ರನಲ್ಲ. ಅವರ ವಾದಗಳಲ್ಲಿ ಬಲವಾಗಿ ಕಾಣುವುದು ಇದೊಂದೇ, ಆದ್ದರಿಂದ ಇದನ್ನು ಕೊನೆಯವರೆಗೆ ಹಿಂಬಾಲಿಸಿ ನೋಡೋಣ. ಮಾಸ್ಕೋದ ಝಾರ್‌ಗಳು ಕ್ರೈಮಿಯದ ಖಾನನಿಗೆ ವರ್ಷವರ್ಷವೂ ಕಾಣಿಕೆ ಕಳಿಸುತ್ತಿದ್ದರು. ಆ ಕಟ್ಟುಪಾಡು ಕಳಚಿದ್ದು 1700ರ ಒಪ್ಪಂದದಲ್ಲಿ. ಅಲ್ಲಿಯವರೆಗೆ ಮಾಸ್ಕೋದಲ್ಲಿ ಅರಸರೇ ಇರಲಿಲ್ಲವೇ? ಅಷ್ಟು ದೂರ ಏಕೆ, 1799ರ ಒಪ್ಪಂದದಂತೆ ಮೈಸೂರು ಇಂಗ್ಲಿಷರಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ತೆರಬೇಕಿತ್ತು. ದುರ್ಗದವರು ಕೊಟ್ಟಾಗ ಅದು ದಾಸ್ಯ, ಮೈಸೂರಿನವರು ಕೊಟ್ಟಾಗ ರಾಜನೀತಿ! ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವ ಧೈರ್ಯ ಇವರಿಗಿಲ್ಲ.

ಮೂರನೆಯದಾಗಿ ಶಾಸನಗಳನ್ನು ಮುಂದೆ ಮಾಡುತ್ತಾರೆ. ನಾಯಕರೇ ತಮ್ಮನ್ನು ಮಹಾನಾಯಕಾಚಾರ್ಯ, ಕಾಮಗೇತಿ ಎಂದು ಬರೆಸಿಕೊಂಡರೇ ಹೊರತು ಮಹಾರಾಜ ಎಂದಲ್ಲ. ಅವರೇ ಹೇಳಿಕೊಳ್ಳದ್ದನ್ನು ನಾವೇಕೆ ಹೇಳಬೇಕು? ಹಾಗಾದರೆ ಹೈದರಾಲಿಯ ಗತಿಯೇನು? ಅವನು ಒಡೆಯರನ್ನು ಗದ್ದುಗೆಯ ಮೇಲೆ ಕೂರಿಸಿಕೊಂಡೇ ಆಳಿದ. ಕೊನೆಯವರೆಗೂ ಮೈಸೂರಿನ ಅರಸನೆಂದು ಪಟ್ಟ ಕಟ್ಟಿಸಿಕೊಳ್ಳಲಿಲ್ಲ. ಬಿರುದೇ ಸಾಕ್ಷಿಯಾದರೆ ಹೈದರನೂ ಸೇವಕನಾಗಿಯೇ ಸತ್ತ ಎನ್ನಬೇಕು. ಹೈದರನ ಮಾತು ಬಂದಾಗ ಇದೇ ಜನ ಬಿರುದು ಬದಿಗಿರಲಿ, ಅಧಿಕಾರ ಯಾರ ಕೈಲಿತ್ತು ನೋಡಿ ಎನ್ನುತ್ತಾರೆ. ಸರಿಯಾದ ಮಾತು. ಅದನ್ನೇ ದುರ್ಗಕ್ಕೂ ಅನ್ವಯಿಸಿ ನೋಡಲಿ. ಸೈನ್ಯ ಕಟ್ಟಿದವರು, ಕಂದಾಯ ಎತ್ತಿದವರು, ಕೆರೆ ಕಟ್ಟೆ ದೇಗುಲ ಕಟ್ಟಿಸಿದವರು, ಯುದ್ಧವೋ ಸಂಧಿಯೋ ಎಂದು ತೀರ್ಮಾನಿಸಿದವರು ನಾಯಕರು. ಭರಮಸಾಗರ ಇಂದಿಗೂ ಭರಮಣ್ಣನ ಹೆಸರು ಹೊತ್ತಿದೆ.

ಸೀಮೆ ಚಿಕ್ಕದು ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. 1748ರಲ್ಲಿ ಮಾಯಕೊಂಡದ ಬಯಲಲ್ಲಿ ಹಿರೇ ಮದಕರಿ ನಾಯಕನನ್ನು ಎದುರಿಸಲು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರುಗಳು ಒಂದಾಗಬೇಕಾಯಿತು. ಮೈಸೂರಿನ ಬಲವನ್ನೆಲ್ಲ ಬೆನ್ನಿಗಿಟ್ಟುಕೊಂಡಿದ್ದ ಹೈದರನೂ ಮತ್ತೆ ಮತ್ತೆ ಮುತ್ತಿಗೆ ಹಾಕಿಯೇ 1779ರಲ್ಲಿ ಕೋಟೆ ಹಿಡಿದ. ಆಮೇಲೆ ಇಲ್ಲಿನ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಕ್ಷುಲ್ಲಕ ಪಾಳೆಯಗಾರನೊಬ್ಬನ ನೆಲೆಯನ್ನು ಯಾರೂ ಹೀಗೆ ಬುಡಸಮೇತ ಕೀಳುವುದಿಲ್ಲ.

ಇನ್ನು ನಮ್ಮ ಪಕ್ಷದವರಿಗೂ ಒಂದು ಮಾತು. ಅಭಿಮಾನದಿಂದ ಮದಕರಿಯ ಹೆಸರಿಗೆ ಮಹಾರಾಜ ಎಂದು ಸೇರಿಸುವವರು ಎದುರಾಳಿಯ ತಪ್ಪನ್ನೇ ಒಪ್ಪಿಕೊಂಡಂತಾಗುತ್ತದೆ: ನಾಯಕ ಎಂದರೆ ಸಾಲದು ಎಂದು. ರಷ್ಯಾದ ಪೀಟರ್ 1721ರಲ್ಲಿ ಝಾರ್ ಪದವಿ ಸಾಲದೆಂದು ಇಂಪೆರಾಟರ್ ಎನಿಸಿಕೊಂಡ. ಅದೇ ವರ್ಷ ಭರಮಣ್ಣನ ನಂತರ ದುರ್ಗದ ಪಟ್ಟಕ್ಕೆ ಬಂದ ಹಿರೇ ಮದಕರಿ, ತನ್ನ ಹಿರಿಯರಂತೆ ನಾಯಕನೆಂದೇ ಇಪ್ಪತ್ತೇಳು ವರ್ಷ ಆಳಿದ.