ದುಡಿಮೆ ಮತ್ತಿಕೆರೆಯಲ್ಲಿ, ವೋಟು ಊರಿನಲ್ಲಿ

ಚುನಾವಣೆ ಮುಗಿದ ಮಾರನೆಯ ದಿನ ದೊಡ್ಡ ಪತ್ರಿಕೆಗಳು ಹಾಡುವುದು ಒಂದೇ ಪಲ್ಲವಿ. ಬೆಂಗಳೂರಿನವರು ಸೋಮಾರಿಗಳು, ರಜೆ ಸಿಕ್ಕಿತೆಂದು ಮಡಿಕೇರಿಗೆ ಹೋಗುತ್ತಾರೆಯೇ ಹೊರತು ಮತಗಟ್ಟೆಗೆ ಬರುವುದಿಲ್ಲ, ಎಂದು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81ಕ್ಕೂ ಹೆಚ್ಚು ಮಂದಿ, ತುಮಕೂರಿನಲ್ಲಿ 78 ಮಂದಿ ವೋಟು ಹಾಕಿದರು. ಬೆಂಗಳೂರು ಉತ್ತರದಲ್ಲಿ 54ರ ಆಸುಪಾಸಿಗೆ ನಿಂತುಹೋಯಿತು. ವೋಟು ಹಾಕಿ ಬಂದವರಿಗೆ ಕೆಲವು ಹೋಟೆಲುಗಳು ಪುಕ್ಕಟೆ ದೋಸೆ ಕೊಟ್ಟು ನೋಡಿದವು. ಅದರಿಂದಲೂ ಆಗಲಿಲ್ಲ.

ಅಂಕಿ ಸುಳ್ಳಲ್ಲ. ಆದರೆ ಸೋಮಾರಿತನವೆಂಬ ಕಾರಣವನ್ನು ನಾವು ಒಪ್ಪಲಾರೆವು. ಮತ್ತಿಕೆರೆಗೆ ಹೋಗಿ ನೋಡಿ. ಒಂದು ಕಾಲದ ಹಳ್ಳಿ ಅದು. ಯಶವಂತಪುರದ ಮಾರುಕಟ್ಟೆ ಪ್ರಾಂಗಣ, ಸಾಬೂನು ಕಾರ್ಖಾನೆ, ಜಾಲಹಳ್ಳಿಯ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ಎಲ್ಲವೂ ಅದರ ಸುತ್ತಲೇ ಬಂದವು, ಆಚೆಗೆ ಪೀಣ್ಯ. ನಮ್ಮಂಥ ಜಿಲ್ಲೆಗಳಿಂದ ತುಮಕೂರು ರಸ್ತೆ ಹಿಡಿದು ಹೋದ ಹುಡುಗರು ಅಲ್ಲಿನ ವಠಾರಗಳಲ್ಲಿ, ಮಹಡಿಯ ಮೇಲಿನ ಒಂಟಿಕೋಣೆಗಳಲ್ಲಿ ವಾಸ ಮಾಡುತ್ತಾರೆ. ಮೂಟೆ ಹೊರುವವನು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ಕಾಲೇಜಿನ ಮುಂದೆ ತಳ್ಳುಗಾಡಿ ಇಟ್ಟವನು. ಇವರಲ್ಲಿ ಎಷ್ಟೋ ಜನರ ಹೆಸರು ಇಂದಿಗೂ ಊರಿನ ಪಟ್ಟಿಯಲ್ಲಿದೆ. ಮತದಾನದ ಹಿಂದಿನ ರಾತ್ರಿ ಬಸ್ಸಿಗೆ ಜೋತುಬಿದ್ದು ಊರಿಗೆ ಹೋಗಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುತ್ತಾರೆ. ಹಳ್ಳಿಯ ನೂರಕ್ಕೆ 78ರಲ್ಲಿ ಅವರೂ ಸೇರಿದ್ದಾರೆ. ಅವರನ್ನೇ ಸೋಮಾರಿಗಳೆನ್ನುವುದು ಅನ್ಯಾಯ. ಇನ್ನು ನಗರದ ಪಟ್ಟಿಯಲ್ಲಿ ಹೆಸರಿದ್ದವನು ಮನೆ ಬದಲಿಸಿದರೂ ಹೆಸರು ಮಾತ್ರ ಹಳೆಯ ಬೀದಿಯಲ್ಲೇ ಉಳಿಯುತ್ತದೆ. ಆ ಮನೆಗೆ ಬಂದ ಹೊಸಬನ ಹೆಸರು ಎಲ್ಲಿಯೂ ಇರುವುದಿಲ್ಲ.

ಇದರಿಂದ ಆಗುವ ರಾಜಕೀಯ ಪರಿಣಾಮವೇನು? ಮತ್ತಿಕೆರೆಯ ಬಹುಭಾಗ ಮಲ್ಲೇಶ್ವರಂ ವಿಧಾನಸಭಾ ಕ್ಷೇತ್ರದಲ್ಲಿದೆ. ಅಲ್ಲಿ 2008ರಿಂದ 2023ರವರೆಗೆ ನಾಲ್ಕು ಚುನಾವಣೆಗಳಲ್ಲೂ ಭಾರತೀಯ ಜನತಾ ಪಕ್ಷದ ಅಶ್ವತ್ಥನಾರಾಯಣರೇ ಗೆದ್ದರು. 2023ರಲ್ಲಿ ಅವರಿಗೆ 80,606 ವೋಟು, ಕಾಂಗ್ರೆಸ್ಸಿಗೆ 39,304. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರವೂ 2004ರಿಂದ ಅದೇ ಪಕ್ಷದ ಕೈಯಲ್ಲಿದೆ. ಅದು ಅವರ ಭದ್ರಕೋಟೆ, ಅಲ್ಲಿ ಬೇರೆಯವರಿಗೆ ಕೆಲಸವಿಲ್ಲ ಎಂದು ನಮ್ಮವರೂ ಕೈಚೆಲ್ಲಿ ಕುಳಿತಿದ್ದಾರೆ. ಕೋಟೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 2024ರಲ್ಲಿ ಶೋಭಾ ಕರಂದ್ಲಾಜೆಯವರಿಗೆ ಬಂದದ್ದು 9,86,049 ವೋಟು, ರಾಜೀವ್ ಗೌಡರಿಗೆ 7,26,573. ಪಟ್ಟಿಯಲ್ಲಿದ್ದವರು 32 ಲಕ್ಷಕ್ಕೂ ಮೇಲ್ಪಟ್ಟು. ವೋಟು ಹಾಕದವರು ಹದಿನಾಲ್ಕು ಲಕ್ಷಕ್ಕೂ ಹೆಚ್ಚು! ಗೆದ್ದವರಿಗಿಂತ ಬಾರದವರ ಪಕ್ಷವೇ ದೊಡ್ಡದು. ಆ ಹದಿನಾಲ್ಕು ಲಕ್ಷವೂ ನಮ್ಮದೆಂದು ನಾವು ಹೇಳುತ್ತಿಲ್ಲ. ಅಷ್ಟು ಭೋಳೆತನ ನಮಗಿಲ್ಲ. ಊರಿನ ಪಟ್ಟಿಯಲ್ಲಿ ಹೆಸರಿರುವವರು ಈ ಲೆಕ್ಕದೊಳಗೆ ಬರುವುದೂ ಇಲ್ಲ. ಆದರೆ ದುಡಿಯುವವರನ್ನು ಹೊರಗಿಟ್ಟು ಅಳೆದ ಒಲವನ್ನು ಇಡೀ ಊರಿನ ಒಲವೆಂದು ಸಾರುವುದು ಸರಿಯಲ್ಲ.

ಅಮೆರಿಕದ ಒಂದು ಉದಾಹರಣೆ ಹೇಳಬೇಕು. ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ ಮ್ಯಾಕ್‌ಡೊವೆಲ್ ಎಂಬ ಗುಡ್ಡಗಾಡಿನ ಕೌಂಟಿಯಿದೆ, ನಮ್ಮ ಒಂದು ತಾಲ್ಲೂಕಿನಂತೆ. 1950ರಲ್ಲಿ ಅಲ್ಲಿ ಸುಮಾರು ಒಂದು ಲಕ್ಷ ಜನ, ಎಲ್ಲೆಲ್ಲೂ ಕಲ್ಲಿದ್ದಲ ಗಣಿ, ಬಲವಾದ ಗಣಿಕಾರ್ಮಿಕರ ಸಂಘ, ಗಟ್ಟಿಯಾದ ಡೆಮಾಕ್ರಟಿಕ್ ಒಲವು. ಯಂತ್ರ ಬಂತು, ಗಣಿಗಳು ಮುಚ್ಚಿದವು, ಸಂಘ ಸೊರಗಿತು. 2020ರ ಹೊತ್ತಿಗೆ ಜನಸಂಖ್ಯೆ 19 ಸಾವಿರಕ್ಕೆ ಇಳಿದಿತ್ತು. 2008ರಲ್ಲಿ ಒಬಾಮ ಗೆದ್ದಿದ್ದ ಅದೇ ಜಾಗದಲ್ಲಿ 2016ರಲ್ಲಿ ಟ್ರಂಪ್ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ವೋಟು ಪಡೆದರು. ಜನ ಬಲಕ್ಕೆ ಹೊರಳಿದರು ಎಂದು ಪಂಡಿತರು ಬರೆದರು. ಆದರೆ ಅದು ಆ ರಾಜ್ಯದಲ್ಲೇ ಅತಿ ಕಡಮೆ ವೋಟು ಬೀಳುವ ಕಡೆಗಳಲ್ಲೊಂದು. ಅರ್ಧದಷ್ಟು ಜನ ಯಾವ ಕಡೆಗೂ ಹೊರಳದೆ ಮನೆಯಲ್ಲೇ ಉಳಿದರು ಎಂಬುದನ್ನು ಬರೆದವರು ಕಡಮೆ.

ಕಾರ್ಮಿಕನನ್ನು ಮತಗಟ್ಟೆಗೆ ಕರೆದೊಯ್ಯುತ್ತಿದ್ದುದು ಸಂಘ. ಬೆಂಗಳೂರಿನಲ್ಲೂ ಹಾಗೆಯೇ. 1980ರ ಕೊನೆಯಿಂದ 1981ರ ಮಾರ್ಚಿಯವರೆಗೆ ಸಾರ್ವಜನಿಕ ಕಾರ್ಖಾನೆಗಳ ಮಹಾಮುಷ್ಕರ ನಡೆಸಿದ ಊರು ಅದು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ನಿಂತಿದೆ. ಎಚ್.ಎಂ.ಟಿ.ಯ ಕೈಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಗುತ್ತಿಗೆಯ ಆಳಿಗೆ ಸಂಘವೂ ಇಲ್ಲ, ಮೇಸ್ತ್ರಿಯೇ ಎಲ್ಲ. ಇಂದಿರಾ ಗಾಂಧಿಯವರ ಸರ್ವಾಧಿಕಾರವನ್ನು ಎದುರಿಸಿದ ಜಯಪ್ರಕಾಶ ನಾರಾಯಣರ ಹೆಸರಿನ ದೊಡ್ಡ ಉದ್ಯಾನವೊಂದು ಮತ್ತಿಕೆರೆಯಲ್ಲಿದೆ. ಬೆಳಿಗ್ಗೆ ಅಲ್ಲಿ ತಿರುಗಾಡುವವರಿಗೆ ಆ ಹೆಸರಿನ ಅರ್ಥ ತಿಳಿಸುವ ಸಮಾಜವಾದಿಗಳು ಮಾತ್ರ ಕಾಣುವುದಿಲ್ಲ.

ಅಂಗಡಿಕಾರರ ಪಾಡು ಬೇರೆ ಬಗೆಯದು. ಚರಂಡಿ, ಲೈಸೆನ್ಸು, ಕಸದ ಸೆಸ್ಸು, ಎಲ್ಲಕ್ಕೂ ಬೇಕಾದವನು ಕಾರ್ಪೊರೇಟರ್. ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರಿನಲ್ಲಿ ಅವಧಿ ತೀರಿತು. 2025ರಲ್ಲಿ ಪಾಲಿಕೆಯನ್ನು ಐದು ತುಂಡು ಮಾಡಿದರು. ಆ ವರ್ಷ ಮುಗಿಯುವವರೆಗೂ ಚುನಾವಣೆ ಮಾಡಲಿಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ಅಧಿಕಾರಿಗಳ ಆಡಳಿತ. ಇದರಲ್ಲಿ ಭಾಜಪ, ಕಾಂಗ್ರೆಸ್ಸು ಎರಡರ ಪಾಲೂ ಇದೆ. ಹೀಗೆ ಮಾಡಿದವರೇ ಮತದಾನ ಪವಿತ್ರವೆಂದು ಗೋಡೆಯ ಮೇಲೆ ಬರೆಸುತ್ತಾರೆ.

ಊರಿನಲ್ಲಿ ಹೊಲ, ಪಂಚಾಯಿತಿಯ ವ್ಯವಹಾರ ಇರುವವನಿಗೆ ಹೆಸರು ಕೀಳಿಸಿಕೋ ಎಂದು ಹೇಳುವುದು ಸುಲಭವಲ್ಲ. ಆದರೆ ಹೆಂಡತಿ ಮಕ್ಕಳೊಡನೆ ಹತ್ತು ವರ್ಷ ಮತ್ತಿಕೆರೆಯಲ್ಲಿ ಬಾಳಿದವನ ಮಾತೇ ಬೇರೆ. ವಾಸವಿರುವ ಕಡೆ ವೋಟು ಎಂಬುದು ಕಾನೂನು. ಸ್ವಂತ ಮನೆ ಬೇಕಿಲ್ಲ. ಮನೆ ಬದಲಿಸಿದವನು 8ನೆಯ ನಮೂನೆ ತುಂಬಬೇಕು, ಹೊಸದಾಗಿ ಸೇರುವವನು 6ನೆಯದು. ಮನೆಯ ಮಾಲೀಕ ಬಾಡಿಗೆ ಕರಾರು ನೋಂದಾಯಿಸಿ ಕೊಡುವುದಿಲ್ಲ ಎಂಬುದು ಎಲ್ಲರ ದೂರು. ಆ ವಿಳಾಸವಿರುವ ಬ್ಯಾಂಕಿನ ಪಾಸ್‌ಬುಕ್ಕೋ ಗ್ಯಾಸಿನ ಬಿಲ್ಲೋ ಇದ್ದರೆ ನಡೆಯುತ್ತದೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯ್ದೆಯ 135ಬಿ ವಿಧಿ ಹೇಳುತ್ತದೆ, ದಿನಗೂಲಿಯವನಿಗೂ. ತಪ್ಪಿದ ಮಾಲೀಕನಿಗೆ ದಂಡ ಬರಿಯ 500 ರೂಪಾಯಿ. ಯಾವ ಮೇಸ್ತ್ರಿ ಹೆದರಿಯಾನು? ಆ ದಂಡವನ್ನು ಆಳೊಬ್ಬನ ಒಂದು ತಿಂಗಳ ಕೂಲಿಯ ಮಟ್ಟಕ್ಕೆ ಏರಿಸಬೇಕೆಂದು ನಮ್ಮ ಪಕ್ಷ ಒತ್ತಾಯಿಸಬೇಕು. ಅಲ್ಲಿಯವರೆಗೆ ನಮ್ಮ ಕಾರ್ಯಕರ್ತರು ಭಾಷಣ ಸ್ವಲ್ಪ ಕಡಮೆ ಮಾಡಿ, ಭಾನುವಾರಗಳಂದು ಯಶವಂತಪುರ ಪ್ರಾಂಗಣದ ಗೇಟಿನಲ್ಲಿ ಮೇಜು ಹಾಕಿ, ನಮೂನೆ ತುಂಬಿಕೊಡಲು ಕುಳಿತುಕೊಳ್ಳಲಿ.