ವಾಯಿದೆಗೆ ಬಂದ ಅಜ್ಜಿ

ಅದು ಏಪ್ರಿಲ್ ತಿಂಗಳ ಕೊನೆಯ ವಾರ. ಬೇಸಿಗೆ ರಜೆ ಬರುವ ಮುನ್ನ ಸಾಕ್ಷ್ಯ ಮುಗಿಸಿಬಿಡಬೇಕೆಂಬ ಆತುರ ನನ್ನದು. ಹೊಲದ ದಾವೆಯೊಂದರಲ್ಲಿ ನನ್ನ ಕಕ್ಷಿದಾರರಾದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಧರೂರಿನಿಂದ ಬೆಳಗಿನ ಬಸ್ಸಿಗೇ ಬಂದು ನ್ಯಾಯಾಲಯದ ಮೊಗಸಾಲೆಯಲ್ಲಿ ಕುಳಿತಿದ್ದರು. ಸರದಿ ಬರುವಾಗ ಮಧ್ಯಾಹ್ನ ಎರಡು ಗಂಟೆ. ನಡುವೆ ನಾನು ನೀರು ತಂದುಕೊಟ್ಟರೆ, "ನೀರಡಿಕಿ ಆಗಿಲ್ಲಪ್ಪ" ಎಂದು ಪಕ್ಕಕ್ಕಿಟ್ಟರು. ಹೆಸರು ಕೂಗಿದಾಗ ಎದ್ದವರು ನಾಲ್ಕು ಹೆಜ್ಜೆ ನಡೆದು ಗೋಡೆಗೊರಗಿ ಕುಸಿದರು. ತಮ್ಮ ಊರಿನ ಹೆಸರನ್ನು ಹೇಳಲೂ ತಡವರಿಸುತ್ತಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಗುಣಮುಖರಾದರೆಂಬುದು ನಮ್ಮ ಪುಣ್ಯ. ಆದರೆ ಆ ವಾಯಿದೆಯನ್ನು ಕೇಳಿ ಪಡೆದವನು ನಾನೇ.

ಅವರು ನೀರು ಕುಡಿಯದಿದ್ದುದಕ್ಕೆ ಎರಡು ಕಾರಣಗಳಿದ್ದವು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ, ಬೆವರುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಅವರು ಹೇಳಿದ್ದು ಸುಳ್ಳಲ್ಲ. ಎರಡನೆಯದನ್ನು ಅವರ ಮೊಮ್ಮಗಳು ಆಮೇಲೆ ತಿಳಿಸಿದಳು: ಪರಸ್ಥಳದಲ್ಲಿ ಮೂತ್ರಕ್ಕೆ ಎಲ್ಲಿಗೆ ಹೋಗುವುದೆಂಬ ಸಂಕೋಚದಿಂದ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟಿದ್ದರಂತೆ. ಮೇಲಾಗಿ, ರಕ್ತದೊತ್ತಡಕ್ಕೆಂದು ಅವರು ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ದೇಹದ ನೀರನ್ನು ಮೂತ್ರವಾಗಿ ಹೊರಹಾಕುವಂಥದು. ಕಟಕಟೆ ಹತ್ತಿಸುವ ಮೊದಲು ವಕೀಲನು ಇದನ್ನೆಲ್ಲ ಕೇಳಿ ತಿಳಿಯಬೇಕಿತ್ತು.

ನಮ್ಮ ಸೀಮೆಯ ಬಿಸಿಲನ್ನು ನಾವು ಹುಟ್ಟಿನಿಂದ ಬಲ್ಲೆವೆಂಬ ಧೈರ್ಯವೇ ಅಪಾಯಕಾರಿ. 2015ರ ಬೇಸಿಗೆಯಲ್ಲಿ ದೇಶದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಗಾಳಿಗೆ ಬಲಿಯಾದರು. ಅವರಲ್ಲಿ ಬಹುಪಾಲು ಆಂಧ್ರ ಮತ್ತು ತೆಲಂಗಾಣದವರು. ಧರೂರಿನ ಮಗ್ಗುಲಲ್ಲೇ ಜೂರಾಲ ಜಲಾಶಯವಿದ್ದರೂ ತಗಡಿನ ಸೂರಿನ ಕೆಳಗೆ ಮಲಗಿದ ಮುದುಕರಿಗೆ ಅದರಿಂದ ತಂಪಿಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ನಾವು ಕಟ್ಟಿಕೊಂಡ ಸ್ಲ್ಯಾಬ್ ಮನೆ ಹಗಲಿನ ಕಾವನ್ನು ಹೀರಿ ರಾತ್ರಿಯಿಡೀ ಉಗುಳುತ್ತದೆ.

ಮಾರ್ಚ್ ನಡುವಿನಿಂದ ಅರ್ಧ ದಿನದ ಶಾಲೆ. ಮಕ್ಕಳು ಮನೆಗೆ ಮರಳುವುದು ಸರಿಯಾಗಿ ಬಿಸಿಲೇರುವ ಹೊತ್ತಿಗೆ. ಹಿರಿಯರ ಕಾವಲನ್ನು ಅವರಿಗೇ ಒಪ್ಪಿಸಬಹುದು. "ನೀರು ಬೇಕಾ ಅಜ್ಜಾ?" ಎಂದು ಕೇಳಿದರೆ ಬೇಡವೆಂಬ ಉತ್ತರವೇ ಬರುತ್ತದೆ, ಗಂಟೆಗೊಮ್ಮೆ ಲೋಟವನ್ನು ಕೈಗೇ ಕೊಡಬೇಕು. ನೀರು, ಮಜ್ಜಿಗೆ, ಅಂಬಲಿ ಯಾವುದಾದರೂ ಸರಿ. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದು ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಅವರನ್ನು ಕೇಳಿಯೇ ಕೊಡಬೇಕು. ಗಾಳಿಯೇ ಕಾದಿರುವಾಗ ಬರಿಯ ಫ್ಯಾನಿನಿಂದ ಪ್ರಯೋಜನವಿಲ್ಲ. ಕೈಕಾಲು, ಕತ್ತನ್ನು ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಬೀಸುವ ಗಾಳಿ ತಂಪೆನಿಸುತ್ತದೆ.

ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕೆಂಡವಾದರೆ ಅದನ್ನು ಆಯಾಸವೆಂದು ಬಗೆಯಬಾರದು. ತೆಲುಗಿನ ನೆರೆಹೊರೆಯವರು ವಡದೆಬ್ಬ ಎನ್ನುವುದು ಇದನ್ನೇ. 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದು ಬೇಡ. ಜ್ವರದ ಮಾತ್ರೆಯೂ ಇಲ್ಲಿ ಕೆಲಸ ಮಾಡದು.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಹಿರಿಯರನ್ನು ಬಿಸಿಲಿಗೆಳೆಯುವುದು ಹೆಚ್ಚಾಗಿ ಒಂದು ಹೆಬ್ಬೆಟ್ಟಿನ ಗುರುತು. ಕಾನೂನು ಅಷ್ಟು ನಿರ್ದಯವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಂತೆ, ಕಾಯಿಲೆ ಅಥವಾ ಅಶಕ್ತತೆಯಿಂದ ಬರಲಾಗದವರ ಸಾಕ್ಷ್ಯವನ್ನು ಕಮಿಷನರ್ ಮೂಲಕ ದಾಖಲಿಸಲು ನ್ಯಾಯಾಲಯ ಅನುಮತಿಸಬಹುದು. ವೈದ್ಯರನ್ನು ಸಾಕ್ಷಿಯಾಗಿ ಕರೆಸದೆಯೇ ಅವರ ಪ್ರಮಾಣಪತ್ರವನ್ನು ಒಪ್ಪಿಕೊಳ್ಳಲೂಬಹುದು. 1908ರ ನೋಂದಣಿ ಕಾಯಿದೆಯ 31 ಮತ್ತು 38ನೇ ಕಲಮುಗಳು ಅಶಕ್ತರ ಮನೆಗೆ ನೋಂದಣಾಧಿಕಾರಿಯೇ ಹೋಗಲು ದಾರಿ ತೆರೆದಿವೆ. ಎಪ್ಪತ್ತು ಮೀರಿದವರಿಗೆ ಮನೆಬಾಗಿಲಲ್ಲೇ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಕೇಳುವವರು ವಿರಳವಾದ್ದರಿಂದ ಇವು ಪುಸ್ತಕದಲ್ಲೇ ಉಳಿದಿವೆ. ಕೇಳಲು ತೆಲುಗು ಬಾರದೆಂದು ಹಿಂಜರಿಯಬೇಕಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿ ಅಜ್ಜನ ಪರವಾಗಿ ಕನ್ನಡದಲ್ಲೇ ಬರೆಯಬಲ್ಲಳು. ಹಿರಿಯರ ಸಹಾಯವಾಣಿ 14567.

ಅಶುಭವಾದರೂ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2025ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ಬಿಸಿಗಾಳಿಯನ್ನು ರಾಜ್ಯದ ವಿಶೇಷ ವಿಪತ್ತೆಂದು ಘೋಷಿಸಿ, ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಗೊತ್ತುಪಡಿಸಿತು. ಠಾಣೆಗೂ ತಹಶೀಲ್ದಾರರಿಗೂ ತಿಳಿಸದೆ ಅಂತ್ಯಕ್ರಿಯೆ ಮುಗಿಸಿದ ಮೇಲೆ ಸಾವಿನ ಕಾರಣವನ್ನು ಸಾಬೀತುಪಡಿಸುವುದು ಕಷ್ಟ.

ರಜೆ ಮುಗಿದ ಮೇಲೆ ನಾನು 26ನೇ ಆದೇಶದಡಿ ಅರ್ಜಿ ಹಾಕಿದೆ. ಎದುರು ಪಕ್ಷದ ವಕೀಲರೂ ಆಕ್ಷೇಪಿಸಲಿಲ್ಲ. ಒಂದು ಬೆಳಿಗ್ಗೆ ಎಂಟು ಗಂಟೆಗೆ ಕಮಿಷನರ್ ಅಜ್ಜಿಯ ಮನೆಗೆ ಹೋದರು. ಬೇವಿನ ನೆರಳಿನ ಕಟ್ಟೆಯ ಮೇಲೆ ಒಂದೂವರೆ ಗಂಟೆಯಲ್ಲಿ ಸಾಕ್ಷ್ಯವೂ ಪಾಟೀಸವಾಲೂ ಮುಗಿದವು. ಹೊಲದ ನಾಲ್ಕೂ ದಿಕ್ಕಿನ ಚೆಕ್ಕುಬಂದಿಯನ್ನು ಅಜ್ಜಿ ಒಂದೂ ತಪ್ಪಿಲ್ಲದೆ ಹೇಳಿದರು. ನಡುವೆ ಎರಡು ಸಲ ತಾವಾಗಿಯೇ ಮಜ್ಜಿಗೆ ಕೇಳಿ ಕುಡಿದರು.