ಗುದ್ದಲಿ ಕೊಳ್ಳೋದು ನಾವು, ಹಿಡಿಯೋದು ಯಾರು?

ಮೊದಲೇ ಹೇಳಿಬಿಡ್ತೀನಿ, ಈ ವಿಷಯದಲ್ಲಿ ನಾನೂ ಟೋಪಿ ಹಾಕಿಸಿಕೊಂಡವನೇ. ತೋಟ ಶುರು ಮಾಡಿದ ವರ್ಷ, ಆರ್.ಟಿ. ನಗರದ ಮನೆಯಲ್ಲಿ ರಾತ್ರಿ ಮಲಗಿಕೊಂಡು ಫೋನಿನಲ್ಲೇ ಐದು ಸಲಕರಣೆಗಳ ಒಂದು ಸೆಟ್ ಆರ್ಡರ್ ಮಾಡಿದೆ. ಬೆಲೆ 499 ರೂಪಾಯಿ. ಹಸಿರು ಪ್ಲಾಸ್ಟಿಕ್ ಹಿಡಿ, ಮಿರಮಿರ ಮಿಂಚುವ ತಗಡು, ಕೆಳಗೆ ಸಾಲು ಸಾಲು ಸ್ಟಾರ್. ನಮ್ಮ ತೋಟ ಇರೋದು ದೊಡ್ಡಬಳ್ಳಾಪುರದ ಆಚೆ. ಅಲ್ಲಿನ ಕೆಂಪು ಮಣ್ಣು ಬೇಸಿಗೆ ಬಂತು ಅಂದ್ರೆ ಇಟ್ಟಿಗೆ. ಮೂರನೇ ದಿನಕ್ಕೆ ಕೈಗುದ್ದಲಿಯ ಕತ್ತು ಬಾಗಿತು. ಅಷ್ಟು ಸ್ಟಾರ್ ಕೊಟ್ಟವರು ಬಾಲ್ಕನಿ ಕುಂಡದಲ್ಲಿ ಮಣ್ಣು ಕೆದಕಿದವರು ಅಂತ ಆಮೇಲೆ ಹೊಳೆಯಿತು.

ದುಡ್ಡು ಹೋಗಿದ್ದು ದೊಡ್ಡ ಮಾತಲ್ಲ. ಅದೇ ಸೆಟ್ಟಿನ ಇನ್ನೊಂದು ಸಲಕರಣೆ ಹಿಡಿದು ಕಳೆ ತೆಗೀತಿದ್ದ ಅಕ್ಕ ಐದನೇ ದಿನ ಕೆಲಸಕ್ಕೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಅಂಗೈ ತುಂಬ ಬೊಬ್ಬೆ, ಒಂದು ಒಡೆದು ಕೀವಾಗಿತ್ತು. "ಹಿಡಿ ತಿರುಗ್ತದೆ ಕಣಪ್ಪ, ಬಿಗಿಯಾಗಿ ಹಿಡಿದೂ ಹಿಡಿದೂ ಹಿಂಗಾಯ್ತು. ನಾಳಿದ್ದು ನಮ್ಮನೆ ಕುಡ್ಲು ತತ್ತೀನಿ ಬಿಡು" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. 499 ಉಳಿಸಿದೆ ಅಂದುಕೊಂಡವನು ನಾನು, ಮೂರು ದಿನದ ಕೂಲಿ ಕಳೆದುಕೊಂಡವರು ಅವರು.

ಅವತ್ತಿನಿಂದ ನನ್ನ ಅಭಿಪ್ರಾಯ ಒಂದೇ. ಸಲಕರಣೆ ಅಗ್ಗವೋ ದುಬಾರಿಯೋ ಅಂತ ಅಂಗಡಿಯಲ್ಲಿ ಗೊತ್ತಾಗಲ್ಲ, ಹಿಡಿದು ಕೆಲಸ ಮಾಡುವವರ ಕೈಗೆ ಗೊತ್ತಾಗುತ್ತೆ. ಲೆಕ್ಕವನ್ನೇ ಹಾಕಿ. ದಿನಕ್ಕೆ ಎಂಟು ಗಂಟೆ ಕೆಲಸ, 400 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ಮೊಂಡು ಗುದ್ದಲಿಯಿಂದ ಒಬ್ಬರಿಗೆ ಒಂದು ಗಂಟೆ ಹಾಳಾದರೂ 50 ರೂಪಾಯಿ, ಇಬ್ಬರಿಗೆ ನೂರು. ಒಳ್ಳೆ ಗುದ್ದಲಿಗೆ ತಲಾ 150 ರೂಪಾಯಿ ಜಾಸ್ತಿ ಕೊಟ್ಟರೂ ಮೂರು ದಿನದಲ್ಲಿ ವಾಪಸ್. ನಿಮ್ಮ ಹೊಲದಲ್ಲಿ ನೀವೇ ದುಡಿದರೂ ಇದೇ ಲೆಕ್ಕ. ನಮ್ಮ ಬೆನ್ನಿಗೆ ನಾವು ಕೂಲಿ ಕಟ್ಟಿಕೊಳ್ಳಲ್ಲ, ಅಷ್ಟೇ.

ಹಾಗಂತ ದುಬಾರಿ ಬ್ರ್ಯಾಂಡೇ ಬೇಕು ಅಂತಲ್ಲ. ಗುದ್ದಲಿ, ಕುಡುಗೋಲು, ಮಚ್ಚಿಗೆ ನನ್ನ ಮೊದಲ ಆಯ್ಕೆ ಈಗಲೂ ಹಳ್ಳಿಯ ಕುಲುಮೆ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡಿ ಅಂತ ಕೇಳಿ. ಆ ಉಕ್ಕು ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತೆ, ಹದ ಹಿಡಿಯುತ್ತೆ. ಕಟ್ಟಡದ ಮಾಮೂಲಿ ಕಬ್ಬಿಣದಲ್ಲಿ ಅಷ್ಟು ಇಂಗಾಲ ಇರಲ್ಲ, ಎಷ್ಟು ಮಸೆದರೂ ಬಾಯಿ ನಿಲ್ಲಲ್ಲ. ಸವೆದಾಗ ಅವರ ಹತ್ತಿರವೇ ತಟ್ಟಿಸಿಕೊಂಡು ಬರಬಹುದು. ಆನ್‌ಲೈನ್ ಸೆಟ್ಟನ್ನು ಯಾರ ಹತ್ತಿರ ತಟ್ಟಿಸ್ತೀರಿ? ನಮ್ಮ ಕಡೆ ಕುಲುಮೆಗಳು ಒಂದೊಂದೇ ಬಾಗಿಲು ಹಾಕ್ತಿವೆ. ಅದಕ್ಕೆ ನಮ್ಮ ಫೋನ್ ಆರ್ಡರ್‌ಗಳದ್ದೂ ಪಾಲಿದೆ ಅಂತ ನನಗನ್ನಿಸುತ್ತೆ.

ಕುಲುಮೆ ಹತ್ತಿರ ಇಲ್ಲವೇ? ಟಾಟಾ ಅಗ್ರಿಕೋದಂಥ ಕಂಪನಿ ಗುದ್ದಲಿ ತಗೊಳ್ಳಿ, ತಪ್ಪೇನಿಲ್ಲ. ಎಸ್.ಜೆ.ಪಿ. ರಸ್ತೆಗೇ ಹೋಗಿ, ಇಲ್ಲಾ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಗೇ ಹೋಗಿ, ಜೇಬಿನಲ್ಲಿ ಒಂದು ಸಣ್ಣ ಅರ ಇರಲಿ. ಕೇಳಿಕೊಂಡು ಬಾಯಿಯ ಮೇಲೆ ಒಂದೇ ಸಲ ಎಳೆದು ನೋಡಿ. ಬೆಣ್ಣೆ ಥರ ಕಚ್ಚಿದರೆ ಕಬ್ಬಿಣ ಮೆತ್ತಗೆ. ಕಚ್ಚದೇ ಜಾರಿದರೆ ವಿಪರೀತ ಗಟ್ಟಿ, ಕಲ್ಲಿಗೆ ತಗುಲಿದರೆ ಚೂರು ಹಾರುತ್ತೆ. ತುಸು ಕಷ್ಟಪಟ್ಟು ಕಚ್ಚಬೇಕು. ಕಾವು ಕೂರುವ ತೂತಿನ ಸುತ್ತ ನೋಡಿ: ಒಂದೇ ತುಂಡಿನಲ್ಲಿ ಬಡಿದಿದ್ದಾರಾ, ತಗಡಿಗೆ ಬಳೆ ಇಟ್ಟು ವೆಲ್ಡಿಂಗ್ ಮಾಡಿದ್ದಾರಾ? ಬಿಡೋದು ಯಾವಾಗಲೂ ಆ ವೆಲ್ಡಿಂಗೇ. ಮರದ ಕಾವಿನಲ್ಲಿ ಎಳೆಗಳು ಉದ್ದಕ್ಕೆ ಓಡಿರಬೇಕು, ಅಡ್ಡಡ್ಡ ಹೋಗಿದ್ದರೆ ಮುರಿಯುತ್ತೆ. ಕಾವಿಗೆ ಬಣ್ಣ ಬಳಿದಿದ್ದರೆ ನಾನಂತೂ ಮುಟ್ಟಲ್ಲ. ಬಣ್ಣದ ಕೆಳಗೆ ಏನಿದೆಯೋ ಯಾರಿಗೆ ಗೊತ್ತು.

ಮನೆಯಲ್ಲಿ ಗ್ರೈಂಡರ್ ಇದೆ ಅಂತ ಕುಡುಗೋಲನ್ನು ಕಿಡಿ ಹಾರೋ ಹಾಗೆ ಉಜ್ಜಬೇಡಿ. ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದ್ರೆ ಹದ ಹೋಯಿತು ಅಂತಲೇ ಅರ್ಥ.

ರಾಗಿ, ಭತ್ತ, ಮೇವು ಕೊಯ್ಯುವವರು 'ನವೀನ್' ಕುಡುಗೋಲು ಒಮ್ಮೆ ನೋಡಿ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ್ದು, ಬಾಯಿಗೆ ಗರಗಸದಂಥ ಹಲ್ಲಿದೆ. ಬೀಸಿ ಹೊಡೆಯೋದು ಬೇಡ, ಎಳೆದರೆ ಸಾಕು, ಮಣಿಕಟ್ಟಿಗೆ ಹಗುರ. ಜಿಕೆವಿಕೆ ಕೃಷಿ ಮೇಳಕ್ಕೆ ಹೋದಾಗ ಟ್ರ್ಯಾಕ್ಟರ್ ಮುಂದೆ ಸೆಲ್ಫಿ ತಗೊಂಡ ಮೇಲೆ ಕೈ ಸಲಕರಣೆಗಳ ಮಳಿಗೆ ಕಡೆಗೂ ಹೆಜ್ಜೆ ಹಾಕಿ. ನಾನು ಅದೇ ಕ್ಯಾಂಪಸ್ಸಿನಲ್ಲಿ ನಾಲ್ಕು ವರ್ಷ ತೋಟಗಾರಿಕೆ ಓದಿದೆ, ಆಗ ಇವನ್ನೆಲ್ಲ ಕಣ್ಣೆತ್ತಿಯೂ ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ಕೈ ಬಿಗಿ ಹಿಡಿಯಬಾರದ ಜಾಗ ಒಂದಿದೆ, ಅದು ರೆಂಬೆ ಸವರುವ ಸಿಕೇಟರ್. ಗುದ್ದಲಿ ಕೆಟ್ಟರೆ ಮಣ್ಣಿಗೇನೂ ಆಗಲ್ಲ. ಮೊಂಡು ಸಿಕೇಟರ್ ರೆಂಬೆಯನ್ನು ಜಜ್ಜುತ್ತೆ, ಜಜ್ಜಿದ ಗಾಯ ಬೇಗ ಮಾಯಲ್ಲ, ಶಿಲೀಂಧ್ರ ಹೊಕ್ಕುತ್ತೆ. ದಾಳಿಂಬೆ ಬೆಳೆಯುವವರಿಗಂತೂ ದುಂಡಾಣು ಅಂಗಮಾರಿ ಒಂದು ಗಿಡದಿಂದ ಇನ್ನೊಂದಕ್ಕೆ ಈ ಕತ್ತರಿಯಲ್ಲೇ ಸವಾರಿ ಮಾಡೋದು ಗೊತ್ತಿರುತ್ತೆ. ಎರಡು ಅಲಗು ಒಂದರ ಪಕ್ಕ ಒಂದು ಜಾರಿ ಹೋಗುವಂಥದ್ದು, ಬಿಚ್ಚಿ ತೊಳೆಯಲು ಬರುವಂಥದ್ದು, ಸ್ಪ್ರಿಂಗು ಮತ್ತು ಅಲಗು ಬಿಡಿಯಾಗಿ ಸಿಗುವಂಥದ್ದು ನೋಡಿ ತಗೊಳ್ಳಿ. ಬಿಡಿಭಾಗ ಸಿಗದ ಕತ್ತರಿ ಎಷ್ಟು ಅಗ್ಗವಾದರೂ ನನಗೆ ಬೇಡ. ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಿ, ಸಂಜೆ ಎರಡು ಹನಿ ಹರಳೆಣ್ಣೆ ಹಚ್ಚಿಡಿ.

ಹೋದ ತಿಂಗಳು ಎರಡು ಹೊಸ ಕಳೆಗುದ್ದಲಿ ಮಾಡಿಸಬೇಕಿತ್ತು. ಅಕ್ಕನನ್ನೇ ಬೈಕಿನಲ್ಲಿ ಕೂರಿಸಿಕೊಂಡು ಕುಲುಮೆಗೆ ಹೋದೆ. ಅವರು ಮೂರು ಕಾವು ಹಿಡಿದು ನೋಡಿ, ಮೂರನ್ನೂ ಪಕ್ಕಕ್ಕಿಟ್ಟು, "ಇವೆಲ್ಲ ಗಂಡಸ್ರ ಕೈಗೆ ಮಾಡಿರೋವು, ಇನ್ನೊಸಿ ಸಣ್ಣಕ್ಕೆ ಕೆತ್ತು" ಅಂದರು. ಕಮ್ಮಾರರು ಕೆತ್ತಿಕೊಟ್ಟರು, ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.